ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಹೆಸರಿಡಿಸಿಕೊಂಡ ಗೌರಮ್ಮ

'ದಿ ಕ್ರೌನ್' ಧಾರಾವಾಹಿಯನ್ನು ನಿಮ್ಮಲ್ಲಿ ಎಷ್ಟೋ ಜನ ರಾತ್ರಿ ನಿದ್ದೆಗೆಟ್ಟು ನೋಡಿರುತ್ತೀರಿ. ಅದನ್ನು ನೋಡುವಾಗ ಒಂದು ಪ್ರಶ್ನೆ ಬಂದೇ ಬರುತ್ತದೆ: ಈ ರಾಜ ರಾಣಿಯರು ಮಾಡುವ ಕೆಲಸವಾದರೂ ಏನು? ಕಾನೂನು ಮಾಡುವುದು ಪಾರ್ಲಿಮೆಂಟು, ತೆರಿಗೆ ಹಾಕುವುದು ಸರ್ಕಾರ. ಇವರ ಪಾಲಿಗೆ ಉಳಿದದ್ದು ಕಾಣಿಸಿಕೊಳ್ಳುವ ಕೆಲಸ. ಆಸ್ಪತ್ರೆ ಉದ್ಘಾಟಿಸುವುದು, ಕೈ ಕುಲುಕುವುದು, ಬಾಲ್ಕನಿಯಲ್ಲಿ ನಿಂತು ಕೈ ಬೀಸುವುದು, ಯಾರದೋ ಮಗುವಿಗೆ ಗಾಡ್‌ಮದರ್ ಆಗುವುದು. ನೋಡಲು ಹಗುರ. ಆದರೆ ಒಮ್ಮೆ ಈ ಕೆಲಸಕ್ಕೆ ನಮ್ಮ ಕೊಡಗಿನ ರಾಜನ ಮಗಳೊಬ್ಬಳು ಬೇಕಾದಳು. ಇವತ್ತು ಅವಳ ವಿಷಯ ಹೇಳುತ್ತೇನೆ.

1852ರ ಜೂನ್ 30. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆ. ಸುಮಾರು ಹನ್ನೊಂದು ವರ್ಷದ ಹುಡುಗಿಗೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ದೀಕ್ಷಾಸ್ನಾನ ಮಾಡಿಸುತ್ತಾರೆ. ಪಕ್ಕದಲ್ಲಿ ಧರ್ಮತಾಯಿಯಾಗಿ ನಿಂತವಳು ಸಾಕ್ಷಾತ್ ವಿಕ್ಟೋರಿಯಾ ರಾಣಿ. ರಾಣಿ ತನ್ನ ಹೆಸರನ್ನೇ ಆ ಮಗುವಿಗೆ ಕೊಡುತ್ತಾಳೆ. ಅಲ್ಲಿಯವರೆಗೆ ಗೌರಮ್ಮ ಆಗಿದ್ದವಳು ಅಂದಿನಿಂದ ವಿಕ್ಟೋರಿಯಾ ಗೌರಮ್ಮ.

ಇವಳ ಅಪ್ಪ ಚಿಕ್ಕವೀರರಾಜೇಂದ್ರ, ಕೊಡಗಿನ ಹಾಲೇರಿ ವಂಶದ ಕೊನೆಯ ಅರಸು. ಮಾಸ್ತಿಯವರ ಕಾದಂಬರಿಯ ನಾಯಕ ಇವನೇ. ಕೊಡವರು ಮನೆಯಲ್ಲಿ ಕೊಡವ ತಕ್ಕ್ ಆಡುತ್ತಿದ್ದರೂ ಲಿಂಗಾಯತರಾದ ಈ ಅರಸರ ಆಸ್ಥಾನದ ಭಾಷೆ ಕನ್ನಡ. ಅವರ ವಂಶದ ಚರಿತ್ರೆ 'ರಾಜೇಂದ್ರನಾಮೆ' ಕೂಡ ಕನ್ನಡದಲ್ಲೇ ಇದೆ. ಚಿಕ್ಕವೀರನನ್ನು ನಾನು ದೇವರ ಪಟದ ಪಕ್ಕದಲ್ಲಿ ಇಡಲಾರೆ. ಕ್ರೂರಿ ಎಂಬ ಹೆಸರು ಅವನಿಗೆ ಇತ್ತು. ಆ ಹೆಸರನ್ನು ಈಸ್ಟ್ ಇಂಡಿಯಾ ಕಂಪನಿ ತನ್ನ ಅನುಕೂಲಕ್ಕೆ ಚೆನ್ನಾಗಿಯೇ ಬಳಸಿಕೊಂಡಿತು. 1834ರಲ್ಲಿ ಕಂಪನಿಯ ಸೈನ್ಯ ಮಡಿಕೇರಿಗೆ ನುಗ್ಗಿತು, ಕೊಡಗು ಕಂಪನಿಯದಾಯಿತು, ಅರಸನನ್ನು ದೂರದ ಕಾಶಿಯಲ್ಲಿ ಇರಿಸಿದರು. ಗೌರಮ್ಮ ಹುಟ್ಟಿದ್ದು ಅಲ್ಲಿಯೇ, 1841ರಲ್ಲಿ. ಅಂದರೆ 'ಎಲ್ಲಿಯವಳು ನೀನು?' ಎಂದು ಯಾರಾದರೂ ಕೇಳಿದರೆ ಅವಳು ಹೇಳಬೇಕಾಗಿದ್ದ ಊರನ್ನು ಅವಳು ಕಂಡೇ ಇರಲಿಲ್ಲ. ಈ ಪ್ರಶ್ನೆಯ ಕಿರಿಕಿರಿ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಅಪ್ಪ ಮಗಳನ್ನು ಲಂಡನ್ನಿಗೆ ಕರೆದುಕೊಂಡು ಹೋಗಲು ಎರಡು ಕಾರಣ. ಮಗಳನ್ನು ಕ್ರೈಸ್ತಳಾಗಿ ಬೆಳೆಸಬೇಕು ಎಂಬುದು ಎಲ್ಲರಿಗೂ ಹೇಳಿದ್ದು. ಇನ್ನೊಂದು, ಕಂಪನಿ ಕಿತ್ತುಕೊಂಡಿದ್ದ ತನ್ನ ಹಣವನ್ನು ಅವರದೇ ನ್ಯಾಯಾಲಯದಲ್ಲಿ ಕೇಳುವುದು. ರಾಣಿಯ ಧರ್ಮಪುತ್ರಿಯ ಅಪ್ಪ ಎಂದಾದರೆ ತನ್ನ ಮಾತಿಗೆ ತೂಕ ಬಂದೀತು ಎಂದು ಅವನು ಎಣಿಸಿರಬೇಕು. ಹಾಗೇನೂ ಆಗಲಿಲ್ಲ. 1859ರಲ್ಲಿ ಅವನು ಲಂಡನ್ನಿನಲ್ಲೇ ತೀರಿಕೊಂಡ. ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಮಣ್ಣಾದ. ರಾಜ್ಯ ಗೆದ್ದಾಗ ವಶಪಡಿಸಿಕೊಂಡ ಹಣದ ವಿಚಾರ ತನ್ನ ಅಧಿಕಾರಕ್ಕೆ ಒಳಪಡುವುದಿಲ್ಲ ಎಂದು ನ್ಯಾಯಾಲಯ ಕೈ ತೊಳೆದುಕೊಂಡಿತು.

ಮಗಳನ್ನು ಮಾತ್ರ ಬ್ರಿಟಿಷ್ ಕುಟುಂಬಗಳಲ್ಲಿ ಇಟ್ಟು ಬೆಳೆಸಿದರು. ಅಪ್ಪನ ಒಡನಾಟ ಹೆಚ್ಚಾಗದಂತೆ ನೋಡಿಕೊಂಡರು. ಆಸ್ಥಾನದ ಚಿತ್ರಕಾರ ವಿಂಟರ್‌ಹಾಲ್ಟರ್‌ನಿಂದ ರಾಣಿ ಅವಳ ಚಿತ್ರ ಬರೆಸಿದಳು, ಮಾರೊಚೆಟ್ಟಿ ಎಂಬ ಶಿಲ್ಪಿ ಅವಳ ಪ್ರತಿಮೆ ಕಡೆದ. ಚಿತ್ರವನ್ನು ಹುಡುಕಿ ನೋಡಿ. ಉಡುಗೆ, ಒಡವೆ ಎಲ್ಲ ಭಾರತದ್ದು. ಬೆಳೆಸುವುದು ಇಂಗ್ಲಿಷ್ ಹುಡುಗಿಯ ಹಾಗೆ, ಚಿತ್ರಕ್ಕೆ ಕೂರಿಸುವಾಗ ಮಾತ್ರ ಭಾರತದ ರಾಜಕುಮಾರಿ! ರಾಣಿಗೆ ಅವಳ ಮೇಲೆ ಪ್ರೀತಿ ಇರಲಿಲ್ಲ ಎಂದು ನಾನು ಹೇಳುವುದಿಲ್ಲ, ಇತ್ತು. ಆದರೆ ಅರಮನೆಯ ಪ್ರೀತಿಗೂ ಒಂದು ಸಾರ್ವಜನಿಕ ಮುಖ ಇರುತ್ತದೆ. ಗೆದ್ದ ನಾಡುಗಳಿಗೆಲ್ಲ ಈಕೆ ತಾಯಿ ಎಂದು ಜಗತ್ತಿಗೆ ತೋರಿಸಲು ಮಕ್ಕಳು ಬೇಕಿದ್ದರು. ಗೌರಮ್ಮ ಒಬ್ಬಳೇ ಅಲ್ಲ. ಆಫ್ರಿಕಾದ ಯೊರುಬಾ ಹುಡುಗಿ ಸಾರಾ ಫೋರ್ಬ್ಸ್ ಬೊನೆಟ್ಟಾ ರಾಣಿಯ ಆಸರೆಯಲ್ಲಿ ಬೆಳೆದಳು. ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗ್ ಹದಿಹರೆಯದಲ್ಲೇ ಇಂಗ್ಲೆಂಡಿಗೆ ಬಂದ.

ಅದೇ ಕಾಲದಲ್ಲಿ ನಮ್ಮ ಮುಕಿಲ್ಟಿಯೊದಲ್ಲಿ ಏನಾಗುತ್ತಿತ್ತು ಗೊತ್ತೆ? 1855ರ ಜನವರಿ 22ರಂದು, ಈಗ ನಾವು ದೋಣಿ ಹತ್ತಲು ಕಾಯುವ ಕಡಲತೀರದಲ್ಲಿ, ಗವರ್ನರ್ ಐಸಾಕ್ ಸ್ಟೀವನ್ಸ್ ಇಲ್ಲಿನ ಮೂಲನಿವಾಸಿ ನಾಯಕರಿಂದ ಪಾಯಿಂಟ್ ಎಲಿಯಟ್ ಒಪ್ಪಂದಕ್ಕೆ ರುಜು ಹಾಕಿಸಿಕೊಂಡ. ಸಿಯಾಟಲ್ ಊರಿಗೆ ಹೆಸರು ಕೊಟ್ಟ ನಾಯಕನೂ ಅವರಲ್ಲಿ ಇದ್ದ. ಒಪ್ಪಂದದ ಮಾತುಗಳನ್ನು ಅವರಿಗೆ ದಾಟಿಸಿದ್ದು ಚಿನೂಕ್ ಜಾರ್ಗನ್‌ನಲ್ಲಿ, ಕೆಲವೇ ನೂರು ಪದಗಳ ವ್ಯಾಪಾರದ ಭಾಷೆಯಲ್ಲಿ. ನೆಲ ಕೈಬಿಟ್ಟುಹೋಗುವ ಮಾತನ್ನು ಸಂತೆಯ ಭಾಷೆಯಲ್ಲಿ ಕೇಳಿಸಿಕೊಳ್ಳಬೇಕಾಯಿತು. ಮಡಿಕೇರಿಯಲ್ಲಿ ಬಂದೂಕು, ಇಲ್ಲಿ ಕಾಗದ.

ಗೌರಮ್ಮನ ವಿಷಯಕ್ಕೆ ಬರೋಣ. ಅವಳನ್ನು ದುಲೀಪ್ ಸಿಂಗನಿಗೆ ಮದುವೆ ಮಾಡಿಸಬೇಕೆಂಬುದು ರಾಣಿಯ ಆಸೆ. ಇಬ್ಬರು ಕ್ರೈಸ್ತರಾದ ಭಾರತೀಯ ರಾಜವಂಶದವರು ಒಂದಾಗಿ ಬಾಳುವುದು ಚಿತ್ರಕ್ಕಂತೂ ಚೆನ್ನ. ದುಲೀಪ್ ಒಪ್ಪಲಿಲ್ಲ. ಕೊನೆಗೆ 1860ರಲ್ಲಿ ಅವಳು ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಎಂಬ, ತನಗಿಂತ ಸುಮಾರು ಮೂವತ್ತು ವರ್ಷ ದೊಡ್ಡವನನ್ನು ಮದುವೆಯಾದಳು. ಮರುವರ್ಷ ಒಂದು ಹೆಣ್ಣುಮಗು. 1864ರಲ್ಲಿ ಕ್ಷಯದಿಂದ ಅವಳು ತೀರಿಕೊಂಡಳು. ಆಗ ವಯಸ್ಸು ಇಪ್ಪತ್ತೆರಡು, ಕಾಲೇಜು ಮುಗಿಸುವ ನಿಮ್ಮ ವಯಸ್ಸು. ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಅವಳ ಕತೆಯನ್ನು ಹುಡುಕಿ ಪುಸ್ತಕ ಮಾಡಿದವರು ಕೊಡಗಿನವರೇ ಆದ ಸಿ. ಪಿ. ಬೆಳ್ಳಿಯಪ್ಪ.

ರಾಣಿ ಕೊಟ್ಟ ಹೆಸರು ಮುಂದೆ, ಅಪ್ಪ ಕೊಟ್ಟ ಹೆಸರು ಹಿಂದೆ; ಹನ್ನೊಂದರ ವಯಸ್ಸಿನಲ್ಲಿ ಆ ಜೋಡಣೆಯನ್ನು ಅವಳು ತಾನಾಗಿ ಆರಿಸಿಕೊಂಡದ್ದಲ್ಲ. ನಿಮ್ಮಲ್ಲಿ ಹಲವರು ಸ್ಕೂಲಿನಲ್ಲಿ ಉಚ್ಚರಿಸಲು ಕಷ್ಟ ಎಂದು ಅಜ್ಜಿಯ ಹೆಸರನ್ನು ಮಿಡ್ಲ್ ನೇಮ್ ಜಾಗಕ್ಕೆ ಸರಿಸಿರುತ್ತೀರಿ. ಕೆಲವರಿಗಂತೂ ಅಲ್ಲಿ ಬರೀ ಒಂದು ಅಕ್ಷರ, ಒಂದು ಚುಕ್ಕೆ. ಗೌರಮ್ಮನೂ ತನ್ನ ಮಗಳಿಗೆ ಹೆಸರಿಡುವ ಕಾಲ ಬಂತು. ಕೊಡಗನ್ನು ಕಾಣದ ತಾಯಿ, ಬ್ರಿಟಿಷ್ ಮನೆತನದ ಗಂಡ, ಅಪ್ಪನೂ ಇಲ್ಲ. ಆ ಹೆಸರನ್ನು ಕೈಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. 1861ರಲ್ಲಿ ಹುಟ್ಟಿದ ಆ ಮಗುವಿನ ಹೆಸರು ಎಡಿತ್ ವಿಕ್ಟೋರಿಯಾ ಗೌರಮ್ಮ ಕ್ಯಾಂಪ್‌ಬೆಲ್.