ಸೀಸ ಹೋಯಿತು, ಹೊಗೆ ಯಾಕೆ ಉಳಿಯಿತು?

ಎಮಿಷನ್ ಟೆಸ್ಟ್, ಬಿಎಸ್-6, ಹಳೇ ಗಾಡಿ ಗುಜರಿಗೆ. ಈ ನಿಯಮಗಳಿಂದ ಗಾಳಿ ನಿಜಕ್ಕೂ ಸ್ವಚ್ಛವಾಗುತ್ತದಾ, ಇಲ್ಲಾ ನಮ್ಮ ಜೇಬು ಮಾತ್ರ ಖಾಲಿಯಾಗುತ್ತದಾ? ಊರ ಕಟ್ಟೆಗಳಲ್ಲಿ ನಾವು ಆಗಾಗ ಕೇಳುವ ಪ್ರಶ್ನೆ ಇದು. ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

1921ರಲ್ಲಿ ಅಮೆರಿಕದ ಎಂಜಿನಿಯರ್ ಥಾಮಸ್ ಮಿಜ್ಲಿ ಒಂದು ಉಪಾಯ ಕಂಡುಹಿಡಿದರು. ಪೆಟ್ರೋಲಿಗೆ ಸೀಸದ ರಾಸಾಯನಿಕ ಬೆರೆಸಿದರೆ ಎಂಜಿನ್ ಕಟಕಟ ಬಡಿಯುವುದು ನಿಲ್ಲುತ್ತಿತ್ತು. ಸೀಸ ವಿಷ ಎಂಬುದು ಆಗಲೇ ಗೊತ್ತಿದ್ದ ಸಂಗತಿ. 1924ರಲ್ಲಿ ನ್ಯೂಜೆರ್ಸಿಯಲ್ಲಿ ಈ ರಾಸಾಯನಿಕ ತಯಾರಿಸುತ್ತಿದ್ದ ಐವರು ಕಾರ್ಮಿಕರು ಸತ್ತರು. ಸ್ವಲ್ಪ ಕಾಲ ನಿಂತ ಮಾರಾಟ ಮತ್ತೆ ಶುರುವಾಯಿತು. ಮುಂದಿನ ಅರ್ಧ ಶತಮಾನ ಗಾಡಿಗಳು ಸೀಸ ಉಗುಳಿದವು. ಮಕ್ಕಳ ಮೆದುಳಿನ ಬೆಳವಣಿಗೆಗೆ ಅದು ನೇರ ಪೆಟ್ಟು.

1970ರ ದಶಕದಲ್ಲಿ ಅಮೆರಿಕ ಪೆಟ್ರೋಲಿನ ಸೀಸ ಇಳಿಸತೊಡಗಿತು. 1976ರಿಂದ 1991ರೊಳಗೆ ಅಲ್ಲಿನ ಜನರ ರಕ್ತದಲ್ಲಿದ್ದ ಸರಾಸರಿ ಸೀಸ ಮುಕ್ಕಾಲು ಪಾಲಿಗೂ ಹೆಚ್ಚು ಇಳಿಯಿತು. ಆಹಾರದ ಡಬ್ಬಿಗಳ ಬೆಸುಗೆಯಿಂದ ಸೀಸ ತೆಗೆದದ್ದೂ ಇದಕ್ಕೆ ನೆರವಾಯಿತು, ಆದರೆ ದೊಡ್ಡ ಕಾರಣ ಪೆಟ್ರೋಲೇ. ನಿಯಮದಿಂದ ಫಲ ಸಿಕ್ಕಿತು ಎಂಬುದಕ್ಕೆ ರಕ್ತಪರೀಕ್ಷೆಯೇ ಸಾಕ್ಷಿ.

ನಮ್ಮ ದೇಶದಲ್ಲಿ 1994ರಲ್ಲಿ ಕಡಿಮೆ ಸೀಸದ ಪೆಟ್ರೋಲ್ ಬಂತು, ಆದರೆ ದೆಹಲಿ, ಮುಂಬೈ, ಕಲ್ಕತ್ತಾ, ಮದ್ರಾಸಿಗೆ ಮಾತ್ರ. ಇಡೀ ದೇಶದ ಬಂಕುಗಳಿಗೆ ಸೀಸವಿಲ್ಲದ ಪೆಟ್ರೋಲ್ ತಲುಪಿದ್ದು 2000ದ ಫೆಬ್ರವರಿಯಲ್ಲಿ. ಜಗತ್ತಿನಲ್ಲಿ ಕೊನೆಯದಾಗಿ ಸೀಸ ಬಿಟ್ಟ ದೇಶ ಅಲ್ಜೀರಿಯಾ, 2021ರಲ್ಲಿ. ಈಗ ಯಾವ ಬಂಕಿಗೆ ಹೋದರೂ ಗಾಡಿಗೆ ಸೀಸದ ಪೆಟ್ರೋಲ್ ಸಿಗುವುದಿಲ್ಲ. ವಿಷವನ್ನು ಮೂಲದಲ್ಲೇ, ಎಲ್ಲರಿಗೂ ಸೇರಿಸಿ ತೆಗೆದದ್ದರಿಂದ ಈ ಗೆಲುವು ಉಳಿಯಿತು.

ಹೊಗೆಯ ಕಥೆ ಹಾಗಾಗಲಿಲ್ಲ. ಸುಪ್ರೀಂ ಕೋರ್ಟ್ 1998ರಲ್ಲಿ ದೆಹಲಿಯ ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾಗಬೇಕೆಂದು ಆದೇಶಿಸಿತು. 2002ರ ಕೊನೆಗೆ ಸಿಟಿ ಬಸ್ಸುಗಳು ಬದಲಾದವು, ಕಪ್ಪು ಹೊಗೆ ಕಣ್ಣಿಗೆ ಕಾಣುವಷ್ಟು ಇಳಿಯಿತು. ಆದರೆ ಸುಮಾರು 35 ಲಕ್ಷವಿದ್ದ ಅಲ್ಲಿನ ವಾಹನಗಳು 2017ರ ಹೊತ್ತಿಗೆ ಒಂದು ಕೋಟಿ ದಾಟಿದವು. ಜತೆಗೆ ಧೂಳು, ಕಾರ್ಖಾನೆ, ಹೊರಗಿನ ಲಾರಿಗಳು. ಒಂದೊಂದು ಗಾಡಿ ಉಗುಳುವುದು ಕಡಿಮೆಯಾದರೂ ಗಾಡಿಗಳೇ ಹೆಚ್ಚಾಗಿ, ಸಿಕ್ಕ ಲಾಭ ಕರಗಿತು.

ಇನ್ನೊಂದು ತೊಡಕು, ಇದು ನೇರ ನಮಗೇ ಸಂಬಂಧಪಟ್ಟದ್ದು. ಬಿಎಸ್ ನಿಯಮಗಳು ಪ್ರತಿ ಸಲ ಮೊದಲು ದೊಡ್ಡ ಪೇಟೆಗಳಿಗೆ ಬಂದು, ವರ್ಷಗಳ ನಂತರ ಉಳಿದ ಕಡೆ ಬಂದವು. 2010ರಲ್ಲಿ ಬೆಂಗಳೂರು ಸೇರಿ 13 ನಗರಗಳಿಗೆ ಬಿಎಸ್-4 ಇಂಧನ ಸಿಕ್ಕಿತು. ಅದರ ಡೀಸೆಲಿನಲ್ಲಿ ಗಂಧಕ ಹತ್ತು ಲಕ್ಷ ಪಾಲಿಗೆ 50 ಪಾಲು. ಹೆಚ್ಚಿನ ಹಳ್ಳಿಗಳಿಗೆ ಆಗ ಬಂದದ್ದು 350 ಪಾಲಿನ ಡೀಸೆಲ್. ದೂರದೂರಿಗೆ ಓಡುವ ಲಾರಿ ದಾರಿಯಲ್ಲಿ ಸಿಕ್ಕಿದ್ದನ್ನೇ ತುಂಬಿಸಿಕೊಳ್ಳಬೇಕಿತ್ತು. ಇಡೀ ದೇಶಕ್ಕೆ ಬಿಎಸ್-4 ಆದದ್ದು 2017ರ ಏಪ್ರಿಲ್‌ನಲ್ಲಿ. ಅದಕ್ಕೆ ಎರಡು ದಿನ ಮೊದಲು ಬಿಎಸ್-3 ಬೈಕುಗಳನ್ನು ಭಾರೀ ರಿಯಾಯಿತಿಗೆ ಮಾರಿದ್ದು, ಶೋರೂಂ ಮುಂದೆ ಜನ ಮುಗಿಬಿದ್ದದ್ದು ನಿಮಗೂ ನೆನಪಿರಬಹುದು. ಆ ಗಾಡಿಗಳಲ್ಲಿ ಎಷ್ಟೋ ಇವತ್ತಿಗೂ ರಸ್ತೆಯಲ್ಲಿವೆ.

2020ರ ಏಪ್ರಿಲ್ 1ರಂದು ದೇಶ ಬಿಎಸ್-5 ಬಿಟ್ಟು ನೇರ ಬಿಎಸ್-6ಕ್ಕೆ ಹಾರಿತು. ಗಂಧಕ 10 ಪಾಲಿಗೆ ಇಳಿಯಿತು. ಕೆಲವು ಕಡೆ ಮೊದಲೇ ಬಂದದ್ದು ಬಿಟ್ಟರೆ, ಈ ಸಲ ಹಳ್ಳಿ ಬಂಕಿಗೂ ಪೇಟೆ ಬಂಕಿಗೂ ಗಡುವು ಒಂದೇ ದಿನ.

ಹಾಗಾದರೆ ನಿಯಮಗಳಿಂದ ಮಾಲಿನ್ಯ ಇಳಿಯುತ್ತದಾ? ಇಳಿಯುತ್ತದೆ. ಆದರೆ ಇಂಧನ, ಎಂಜಿನ್ ಎರಡೂ ಒಟ್ಟಿಗೆ, ಎಲ್ಲ ಕಡೆ ಬದಲಾಗಬೇಕು. ಗಾಡಿ ಕೊಳ್ಳದೆಯೇ ಓಡಾಡಲು ಬಸ್ಸೂ ಬೇಕು. ಊರಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸಿದ್ದರೆ ಜನ ಬೈಕು ಕೊಳ್ಳದೆ ಏನು ಮಾಡಿಯಾರು?

ಇನ್ನೂ ಒಂದು ಮಾತು. ಸೀಸದ ಗೆಲುವು ಗೊತ್ತಾದದ್ದು ರಕ್ತ ಅಳೆದದ್ದರಿಂದ. ಗಾಳಿ ಅಳೆಯುವ ಯಂತ್ರಗಳಲ್ಲಿ ಹೆಚ್ಚಿನವು ಇವತ್ತಿಗೂ ಪೇಟೆಯಲ್ಲೇ ಇವೆ. ಕಲ್ಲುಕ್ವಾರಿ ಲಾರಿಗಳು ಓಡುವ ನಮ್ಮ ರಸ್ತೆಗಳ ಪಕ್ಕದ ಶಾಲೆಗಳ ಗಾಳಿಯನ್ನು ಅಳೆಯುವವರು ಯಾರು? ಮುಂದಿನ ಗ್ರಾಮಸಭೆಯಲ್ಲಿ ಈ ಪ್ರಶ್ನೆ ಕೇಳಿ. ನಾವೂ ಕೇಳುತ್ತೇವೆ.