ಸಿ ಡ್ರೈವಿನ ಜಾಡು ಹಿಡಿದು

ನೋಕಿಯಾ 6600 ಅಥವಾ ಎನ್70 ಫೋನಿನಲ್ಲಿ ಫೈಲುಗಳನ್ನು ಕೆದಕಿ ನೋಡಿದವರಿಗೆ ನೆನಪಿರಬಹುದು. ಫೋನಿನ ಒಳ ಮೆಮೊರಿಗೆ ‘ಸಿ’ ಎಂದೂ ಮೆಮೊರಿ ಕಾರ್ಡಿಗೆ ‘ಇ’ ಎಂದೂ ಹೆಸರಿತ್ತು. ಅದಕ್ಕೆಂದೇ ಇದ್ದ ಸಣ್ಣ ಸಾಫ್ಟ್‌ವೇರ್ ಹಾಕಿಕೊಂಡರೆ ‘ಜೆಡ್’ ಎಂಬ ಇನ್ನೊಂದು ಡ್ರೈವ್ ಕೂಡ ಕಾಣುತ್ತಿತ್ತು, ಅದರೊಳಗೆ ಏನನ್ನೂ ಬರೆಯಲು ಬರುತ್ತಿರಲಿಲ್ಲ. ಹಾರ್ಡ್ ಡಿಸ್ಕೇ ಇಲ್ಲದ ಫೋನಿಗೆ ಈ ಅಕ್ಷರಗಳು ಎಲ್ಲಿಂದ ಬಂದವು? ಈ ಪ್ರಶ್ನೆಯ ಬೆನ್ನು ಹತ್ತಿ ಹಳೆಯ ಕೈಪಿಡಿ, ಪ್ರೋಗ್ರಾಮಿಂಗ್ ದಾಖಲೆ ಮತ್ತು ಮೂಲ ಕೋಡುಗಳನ್ನು ಓದುತ್ತಾ ಹೋದೆ. ಆ ದಾರಿ ನನ್ನನ್ನು ಜೇಬಿನಲ್ಲಿ ಹಿಡಿಸುವ, ಕೀಬೋರ್ಡ್ ಇರುವ ಒಂದು ಪುಟ್ಟ ಯಂತ್ರದ ಮುಂದೆ ತಂದು ನಿಲ್ಲಿಸಿತು.

ಮೊದಲು ಕೈಗೆ ಸಿಕ್ಕಿದ್ದು ಈ ಕಥೆಯ ಕೊನೆಯ ಘಟ್ಟದ ದಾಖಲೆ. ಆ ಫೋನುಗಳನ್ನು ನಡೆಸುತ್ತಿದ್ದ ಸಿಂಬಿಯನ್ ತಂತ್ರಾಂಶದ ಮೂಲ ಕೋಡನ್ನು 2010ರ ಫೆಬ್ರವರಿಯಲ್ಲಿ ಎಲ್ಲರಿಗೂ ತೆರೆದಿಟ್ಟರು. ಅದೇ ವರ್ಷದ ಡಿಸೆಂಬರಿನಲ್ಲಿ ಅದನ್ನು ಇಟ್ಟಿದ್ದ ತಾಣ ಮುಚ್ಚಿತು. ಅಷ್ಟರೊಳಗೆ ಆಸಕ್ತರು ಇಳಿಸಿಕೊಂಡಿದ್ದ ಪ್ರತಿಗಳಿಂದಾಗಿ ಇಂದಿಗೂ ಅದನ್ನು ಓದಬಹುದು. ಆ ಕೋಡಿನಿಂದ ಕಟ್ಟಿದ ಫೈಲುಗಳೆಲ್ಲ ಹೋಗಿ ಸೇರುವ ಫೋಲ್ಡರಿನ ಹೆಸರು ‘ಇಪಾಕ್32’. ಕ್ಯಾಮೆರಾ ಬಂತು, ಜಿಪಿಎಸ್ ಬಂತು, ಆ ಹೆಸರು ಮಾತ್ರ ಬದಲಾಗಲಿಲ್ಲ. ಅದು ನೋಕಿಯಾ ಇಟ್ಟ ಹೆಸರಲ್ಲ. ಡೇವಿಡ್ ಪಾಟರ್ 1980ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಸಯಾನ್ ಕಂಪನಿ 1997ರಲ್ಲಿ ಹೊರತಂದ ‘ಸೀರೀಸ್ 5’ ಎಂಬ ಆರ್ಗನೈಸರ್‌ನ ಆಪರೇಟಿಂಗ್ ಸಿಸ್ಟಮ್ಮಿನ ಹೆಸರು.

ಸೀರೀಸ್ 5 ಬಗ್ಗೆ ಎರಡು ಮಾತು ಹೇಳಲೇಬೇಕು. ಮುಚ್ಚಿದಾಗ ಕನ್ನಡಕದ ಡಬ್ಬಿಯಷ್ಟೇ ಕಾಣುವ ಇದನ್ನು ತೆರೆಯುತ್ತಿದ್ದಂತೆ ಕೀಬೋರ್ಡ್ ಮುಂದಕ್ಕೆ ಜಾರುತ್ತದೆ, ಪರದೆ ಹಿಂದಕ್ಕೆ ವಾಲಿ ಅದಕ್ಕೆ ಒರಗಿಕೊಳ್ಳುತ್ತದೆ. ಹಾಗಾಗಿ ಕಡ್ಡಿಯಿಂದ ಪರದೆಯನ್ನು ಒತ್ತಿದರೂ ಯಂತ್ರ ಹಿಂದಕ್ಕೆ ಮಗುಚುವುದಿಲ್ಲ. ಇದು ವಿನ್ಯಾಸಕ ಮಾರ್ಟಿನ್ ರಿಡಿಫರ್ಡ್ ಅವರ ಕೆಲಸ. ಕೀಲಿಗಳು ಒತ್ತಿದರೆ ಕೆಳಗಿಳಿದು ಮೇಲೇಳುವ ನಿಜವಾದ ಕೀಲಿಗಳು. ಮೇಜಿನ ಮೇಲಿಟ್ಟು ಎರಡೂ ಕೈಗಳಿಂದ ಪುಟಗಟ್ಟಲೆ ಟೈಪ್ ಮಾಡಬಹುದಿತ್ತು. ಶಕ್ತಿ ಕೊಡಲು ಎರಡು ಎಎ ಬ್ಯಾಟರಿ ಸಾಕು. ಯಂತ್ರದ ಮೆಮೊರಿ 4 ಅಥವಾ 8 ಎಂಬಿ.

ಅದರ ಡ್ರೈವ್‌ಗಳ ಹೆಸರು ನೋಡಿದಾಗ ಮೊದಲ ಕೊಂಡಿ ಸಿಕ್ಕಿತು. ಒಳ ಮೆಮೊರಿ ಸಿ, ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡ್ ಡಿ, ಕಾರ್ಖಾನೆಯಲ್ಲೇ ಬರೆದು ಮುಗಿಸಿದ ರೀಡ್-ಓನ್ಲಿ ಮೆಮೊರಿ ಜೆಡ್. ಕಾರ್ಡಿನ ಅಕ್ಷರವೊಂದನ್ನು ಬಿಟ್ಟರೆ ನೋಕಿಯಾ ಫೋನಿನಲ್ಲಿ ನಾವು ಕಂಡದ್ದು ಇದೇ ಏರ್ಪಾಡು.

ಇನ್ನೂ ಹಿಂದಕ್ಕೆ ಹೋದರೆ ಇದೇ ಅಕ್ಷರಗಳು ಸಿಗಬೇಕೆಂದು 1991ರ ‘ಸೀರೀಸ್ 3’ರ ದಾಖಲೆಗಳನ್ನು ತೆರೆದೆ. ಅಲ್ಲಿ ಜಾಡು ತುಂಡಾಯಿತು. ಆ ಯಂತ್ರದಲ್ಲಿ ಒಳ ಮೆಮೊರಿಯ ಹೆಸರು ‘ಎಂ’, ಎರಡು ಬದಿಯ ಕಾರ್ಡುಗಳು ‘ಎ’ ಮತ್ತು ‘ಬಿ’. ಜೆಡ್ ಇಲ್ಲವೇ ಇಲ್ಲ. ತಪ್ಪಿನ ಸಂಖ್ಯೆಗಳೂ ಹೊಂದಲಿಲ್ಲ. ಮೆಮೊರಿ ಸಾಲದಿದ್ದರೆ ಸೀರೀಸ್ 3 ಕೊಡುವ ಸಂಖ್ಯೆ ಮೈನಸ್ 10, ಸಿಂಬಿಯನ್ ಕೊಡುವುದು ಮೈನಸ್ 4. ಕಾರಣ ಸರಳ. ಸೀರೀಸ್ 3 ಓಡುತ್ತಿದ್ದದ್ದು ಇಂಟೆಲ್ 8086ರ ಬಳಗಕ್ಕೆ ಸೇರಿದ ಎನ್‌ಇಸಿ ವಿ30 ಚಿಪ್ಪಿನ ಮೇಲೆ, ಇಪಾಕ್16 ಎಂಬ ವ್ಯವಸ್ಥೆಯಲ್ಲಿ. ಸೀರೀಸ್ 5ಕ್ಕೆ ಎಆರ್‌ಎಂ ಚಿಪ್ ಬಂದಾಗ ಸಯಾನ್ ಎಂಜಿನಿಯರುಗಳು ಹಳೆಯದನ್ನು ತೇಪೆ ಹಾಕಲು ಹೋಗದೆ, ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಎಲ್ಲವನ್ನೂ ಹೊಸದಾಗಿ ಬರೆದರು.

ಹಾಗಾದರೆ ಹಳೆಯ ಯಂತ್ರಗಳಿಂದ ಉಳಿದು ಬಂದದ್ದೇನು? ಅದಕ್ಕೆ ಉತ್ತರ ಹುಡುಕಲು 1984ರ ಮೊದಲ ಸಯಾನ್ ಆರ್ಗನೈಸರ್‌ವರೆಗೆ ಹೋಗಬೇಕಾಯಿತು. ಅದರ ಪರದೆಯಲ್ಲಿ ಒಂದೇ ಸಾಲು, 16 ಅಕ್ಷರ. ಕೀಲಿಗಳು ಟೈಪ್‌ರೈಟರ್ ಕ್ರಮದಲ್ಲಿಲ್ಲ, ಎ ಬಿ ಸಿ ಡಿ ಕ್ರಮದಲ್ಲಿವೆ. ಬರೆದದ್ದನ್ನು ಉಳಿಸಲು ‘ಡೇಟಾಪ್ಯಾಕ್’ ಎಂಬ ಪುಟ್ಟ ಪೆಟ್ಟಿಗೆ. ಅದರೊಳಗಿನ ಚಿಪ್ಪಿಗೆ ಕರೆಂಟಿನ ಹಂಗಿಲ್ಲ, ಆದರೆ ಅಳಿಸಿದ ಬರಹದ ಜಾಗ ಮರಳಿ ಸಿಗುವುದಿಲ್ಲ. ಅಳಿಸಿದ್ದಕ್ಕೆ ಒಂದು ಗುರುತು ಬೀಳುತ್ತದೆ ಅಷ್ಟೆ. ಪೂರ್ತಿ ಖಾಲಿ ಮಾಡಬೇಕೆಂದರೆ ಅತಿನೇರಳೆ ಬೆಳಕಿಗೆ ಒಡ್ಡಬೇಕು. ಬಳಸುವವರು ಬರೆದದ್ದು ಕಳೆಯಕೂಡದು, ಒಂದೊಂದು ಬೈಟಿಗೂ ಲೆಕ್ಕ ಇರಬೇಕು ಎಂಬ ಎರಡು ನಿಯಮಗಳು ಅಲ್ಲಿಂದಲೇ ಜೊತೆಯಾಗಿ ಬಂದಿವೆ.

ಸೀರೀಸ್ 3 ಮತ್ತು 5ರಲ್ಲಿ ಇವು ಇನ್ನೂ ಬಿಗಿಯಾದವು. ಈ ಯಂತ್ರಗಳನ್ನು ‘ಆಫ್’ ಮಾಡಿದರೆ ಪರದೆ ಆರುತ್ತದೆಯೇ ಹೊರತು ಒಳಗಿನ ಪ್ರೋಗ್ರಾಮುಗಳು ಮುಚ್ಚುವುದಿಲ್ಲ. ಕೀಲಿ ಒತ್ತಿದೊಡನೆ ಬಿಟ್ಟ ವಾಕ್ಯದಲ್ಲೇ ಮುಂದುವರಿಯಬಹುದು. ಎಎ ಬ್ಯಾಟರಿ ಬದಲಿಸುವಾಗ ಮೆಮೊರಿ ಅಳಿಯದಿರಲು ಗುಂಡಿಯಾಕಾರದ ಇನ್ನೊಂದು ಸಣ್ಣ ಬ್ಯಾಟರಿ ಕಾವಲಿರುತ್ತದೆ. ಪಿಸಿಯಲ್ಲಿ ಪ್ರೋಗ್ರಾಮೊಂದು ಪಡೆದ ಮೆಮೊರಿಯನ್ನು ಹಿಂದಿರುಗಿಸದೆ ಸೋರಿಸಿದರೆ ಸಂಜೆ ಯಂತ್ರ ಮುಚ್ಚುವಾಗ ಆ ಸೋರಿಕೆಯೂ ತೊಳೆದುಹೋಗುತ್ತದೆ. ತಿಂಗಳುಗಟ್ಟಲೆ ಮುಚ್ಚದೆ ಇರುವ ಯಂತ್ರದಲ್ಲಿ ಅದು ದಿನದಿನಕ್ಕೂ ಕೂಡುತ್ತಾ ಹೋಗುತ್ತದೆ. ಅಲ್ಲಿ ಬರೆದ ಟಿಪ್ಪಣಿಯೂ ಓಡುವ ಪ್ರೋಗ್ರಾಮೂ ಒಂದೇ ಮೆಮೊರಿಯನ್ನು ಹಂಚಿಕೊಂಡಿರುವುದರಿಂದ, ಸೋರಿಕೆ ನೇರವಾಗಿ ಬರಹದ ಜಾಗವನ್ನೇ ತಿನ್ನುತ್ತದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತೆ ಸಿಂಬಿಯನ್ ಕೋಡಿಗೆ ಮರಳಿದಾಗ, ಮೊದಲು ವಿಚಿತ್ರವೆನಿಸಿದ್ದೆಲ್ಲ ಅರ್ಥವಾಗತೊಡಗಿತು. ಅಲ್ಲಿ ‘ಕ್ಲೀನಪ್ ಸ್ಟ್ಯಾಕ್’ ಎಂಬ ಪಟ್ಟಿ ಇದೆ. ಪ್ರೋಗ್ರಾಮು ಪಡೆದ ಮೆಮೊರಿಯನ್ನು ಅದರಲ್ಲಿ ನಮೂದಿಸಿಟ್ಟರೆ, ಕೆಲಸ ನಡುವೆ ಕೆಟ್ಟರೂ ವ್ಯವಸ್ಥೆಯೇ ಅದನ್ನು ಹಿಂದಕ್ಕೆ ಪಡೆಯುತ್ತದೆ. ಪ್ರೋಗ್ರಾಮು ಮುಗಿಯುವಾಗ ಒಂದು ತುಣುಕಾದರೂ ಹಿಂದಿರುಗಿಸದೆ ಉಳಿದಿದೆಯೇ ಎಂದು ತಪಾಸಣೆ ಮಾಡುವ ಸೌಲಭ್ಯವಿದೆ. ಬೇಕೆಂದೇ ಮೆಮೊರಿ ನಿರಾಕರಿಸಿ, ಪ್ರೋಗ್ರಾಮು ಹೇಗೆ ಚೇತರಿಸಿಕೊಳ್ಳುತ್ತದೆ ಎಂದು ಪರೀಕ್ಷಿಸುವ ಸಾಧನವೂ ಇದೆ. ಫೋನಿಗೆ ಬೇಕೆಂದು ಹುಟ್ಟಿದವಲ್ಲ ಇವು, ಜೇಬಿನ ಕಂಪ್ಯೂಟರಿನ ಬಡತನ ಕಲಿಸಿದ ಶಿಸ್ತು. 1991ರಿಂದ 1997ಕ್ಕೆ ಕೋಡ್ ದಾಟಲಿಲ್ಲ, ಈ ಶಿಸ್ತು ದಾಟಿತು. 1997ರಿಂದ ಮುಂದಕ್ಕೆ ಶಿಸ್ತು, ಕೋಡ್, ಡ್ರೈವಿನ ಅಕ್ಷರ ಎಲ್ಲವೂ ಒಟ್ಟಿಗೇ ಸಾಗಿದವು.

ಮುಂದಿನ ಕೊಂಡಿಗಳು ಸ್ಪಷ್ಟವಾಗಿವೆ. 1998ರ ಜೂನ್‌ನಲ್ಲಿ ಸಯಾನ್, ನೋಕಿಯಾ, ಎರಿಕ್ಸನ್ ಸೇರಿ ಸಿಂಬಿಯನ್ ಸಂಸ್ಥೆ ಕಟ್ಟಿದವು, ಮೋಟೊರೋಲಾ ಬೇಗನೆ ಕೈಜೋಡಿಸಿತು. ಸಯಾನ್‌ನ ಕಾಲಿ ಮೈಯರ್ಸ್ ಅದರ ಮೊದಲ ಮುಖ್ಯಸ್ಥರಾದರು. 2000ದಲ್ಲಿ ಎರಿಕ್ಸನ್ ಆರ್380, 2001ರಲ್ಲಿ ಕೀಬೋರ್ಡ್ ಇರುವ ನೋಕಿಯಾ 9210 ಕಮ್ಯುನಿಕೇಟರ್ ಬಂದವು. ಅದೇ 2001ರಲ್ಲಿ ಸಯಾನ್ ಜನಸಾಮಾನ್ಯರಿಗೆಂದು ಆರ್ಗನೈಸರ್ ತಯಾರಿಸುವುದನ್ನು ಕೈಬಿಟ್ಟಿತು. ಸಿಂಬಿಯನ್‌ಗೆ ಬೆಂಗಳೂರಿನಲ್ಲೂ ಒಂದು ಕಚೇರಿ ಇತ್ತು. ಅಲ್ಲಿ ಕುಳಿತು ಕೋಡ್ ಬರೆದವರೂ ಇದೇ ‘ಇಪಾಕ್32’ ಫೋಲ್ಡರಿನಲ್ಲಿ ಕೆಲಸ ಮಾಡಿದವರು.

ಈ ಶಿಸ್ತಿಗೆ ಬೆಲೆ ತೆರಬೇಕಾಯಿತು ಎಂಬುದನ್ನೂ ದಾಖಲೆಗಳು ಹೇಳುತ್ತವೆ. ಮೆಮೊರಿ ಅಗ್ಗವಾದ ಮೇಲೆ ಸಿಂಬಿಯನ್‌ನ ಕಟ್ಟುಪಾಡುಗಳು ಹೊಸ ಪ್ರೋಗ್ರಾಮರುಗಳಿಗೆ ಹೊರೆಯಾದವು. 2011ರ ಫೆಬ್ರವರಿಯಲ್ಲಿ ನೋಕಿಯಾ ವಿಂಡೋಸ್ ಫೋನಿನತ್ತ ಹೊರಳಿತು. ಆದರೂ ಈ ಹುಡುಕಾಟದ ಕೊನೆಗೆ ನನಗೆ ದೊಡ್ಡದಾಗಿ ಕಂಡದ್ದು ಆ ಸೋಲಲ್ಲ. ಮಾರುಕಟ್ಟೆಯ ಇತಿಹಾಸವನ್ನು ಮಾತ್ರ ಓದಿದರೆ ಸಯಾನ್ 2001ಕ್ಕೆ ಮುಗಿದುಹೋದ ಕಥೆ. ಕೈಪಿಡಿ, ತಪ್ಪಿನ ಪಟ್ಟಿ, ಫೋಲ್ಡರಿನ ಹೆಸರುಗಳನ್ನು ಓದಿದರೆ, ಅದಾದ ಮೇಲೂ ಹತ್ತು ವರ್ಷ ಕೋಟ್ಯಂತರ ಜನರ ಕೈಯಲ್ಲಿದ್ದ ಫೋನುಗಳೊಳಗೆ ಮುಂದುವರಿದ ಕಥೆ ಅದು. ಮನುಷ್ಯ ಒತ್ತಿದ ಒಂದು ಅಕ್ಷರವೂ ವ್ಯರ್ಥವಾಗಬಾರದೆಂದು ದುಡಿದ ಎಂಜಿನಿಯರುಗಳ ಶ್ರಮ ಇಂಥ ಕಾಗದಗಳಲ್ಲೇ ಉಳಿದಿದೆ. ಮನೆಯ ಅಟ್ಟದಲ್ಲಿ ಹಳೆಯ ಯಂತ್ರವೊಂದಿದ್ದರೆ ಅದರ ಕೈಪಿಡಿಯನ್ನು ರದ್ದಿಗೆ ಹಾಕಬೇಡಿ. ತಂತ್ರಜ್ಞಾನದ ಚರಿತ್ರೆ ಬರೆಯುವವರಿಗೆ ಯಂತ್ರ ಎಷ್ಟು ಮುಖ್ಯವೋ ಆ ಪುಸ್ತಕವೂ ಅಷ್ಟೇ ಮುಖ್ಯ.