ಗದ್ಯಾಣದ ಬೆಲೆ: ಎಣಿಕೆ, ತೂಕ, ಅಕ್ಕಿ

ಕೊಲ್ಲೂರು ಇರುವುದು ಘಟ್ಟದ ಬುಡದಲ್ಲಿ. ಮೇಲೆ ಕೆಳದಿ, ಇಕ್ಕೇರಿ, ಕೆಳಗೆ ಬಸರೂರು, ಬಾರಕೂರು. ಈ ಸೀಮೆಯ ಶಾಸನಗಳ ಬಗ್ಗೆ ಮಾತಾಡಿದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: "ಇಷ್ಟು ಗದ್ಯಾಣ ಅಂದ್ರೆ ಇವತ್ತಿಗೆ ಎಷ್ಟು ರೂಪಾಯಿ?"

ನಾನು ಮೊದಲು ನೋಡುವುದು ಸಂಖ್ಯೆಯನ್ನಲ್ಲ, ಅದರ ಪಕ್ಕದ ಪದವನ್ನು. ಕರಾವಳಿಯ ಶಾಸನಗಳಲ್ಲಿ ಬಾರಕೂರ ಗದ್ಯಾಣ, ಮಂಗಳೂರ ಗದ್ಯಾಣ, ಕಾಟಿ ಗದ್ಯಾಣ ಅಂತ ಬೇರೆಬೇರೆಯಾಗಿ ಬರುತ್ತವೆ. ಎಲ್ಲದಕ್ಕೂ ಒಂದೇ ಬೆಲೆಯಿದ್ದರೆ ಕಲ್ಲಿನ ಮೇಲೆ ಊರಿನ ಹೆಸರು ಕೆತ್ತುವ ಶ್ರಮ ಯಾಕೆ?

ಆಮೇಲೆ ತೂಕ. ವಿಜಯನಗರದ ವರಹ ಸುಮಾರು 3.4 ಗ್ರಾಂ; ಇಕ್ಕೇರಿ ವರಹವೂ ಹೆಚ್ಚುಕಡಿಮೆ ಅಷ್ಟೇ. 'ಹಣ' ಎಂಬ ಪುಟ್ಟ ಚಿನ್ನದ ನಾಣ್ಯ ಸುಮಾರು 0.35 ಗ್ರಾಂ. ತಕ್ಕಡಿಯಲ್ಲಿ ಹತ್ತು ಹಣ ಒಂದು ವರಹಕ್ಕೆ ಸರಿತೂಗುತ್ತೆ. ಆದರೆ 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್ ಬರೆದಿಟ್ಟ ಲೆಕ್ಕ ಬೇರೆ: ವರಹದ ಅರ್ಧ ಪ್ರತಾಪ, ಪ್ರತಾಪದ ಹತ್ತನೇ ಒಂದು ಪಾಲು ಹಣ. ಅಂದರೆ ವರಹಕ್ಕೆ ಇಪ್ಪತ್ತು ಹಣ! ನೂರು ಹಣದ ದತ್ತಿ ಒಂದು ಲೆಕ್ಕಕ್ಕೆ ಹತ್ತು ವರಹ, ಇನ್ನೊಂದಕ್ಕೆ ಐದೇ. ತಕ್ಕಡಿ ತೂಕ ಹೇಳುತ್ತದೆ. ಚಿನ್ನದಲ್ಲಿ ಬೆರಕೆ ಎಷ್ಟು, ಪೇಟೆಯ ದರ ಎಷ್ಟು ಅಂತ ಹೇಳುವುದಿಲ್ಲ.

ಅದಕ್ಕೇ ಇವತ್ತಿನ ಚಿನ್ನದ ದರದಿಂದ ಗುಣಿಸಬೇಡಿ. ಸಿಗುವುದು ಲೋಹದ ಬೆಲೆ, ದಾನದ್ದಲ್ಲ. ಅದೇ ಶಾಸನದಲ್ಲಿ ಅಕ್ಕಿಯ ಮುಡಿ, ದೀಪದ ಎಣ್ಣೆಯ ಲೆಕ್ಕ ಇದೆಯಾ ನೋಡಿ. ಆ ಹೊನ್ನಿನಿಂದ ಎಷ್ಟು ಮಂದಿಗೆ ಊಟವಾಗುತ್ತಿತ್ತು ಅಂತ ತಿಳಿದರೆ, ಕೊಟ್ಟವರ ಕೈ ಎಷ್ಟು ದೊಡ್ಡದಿತ್ತು ಅನ್ನೋದೂ ತಿಳಿಯುತ್ತದೆ.